‘ಅಲೇ’: ಹೆದರಿಕೆ ಇಳಿಸುವ ಇಂಗ್ಲಿಷ್ ಕ್ರಿಯಾಪದವನ್ನು ಬಳಸುವ ಬಗೆ

ಹಾಸನದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಹುಡುಗ ಹುಡುಗಿಯರಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡದ ಸುದ್ದಿಯೊಂದನ್ನು ಇಂಗ್ಲಿಷಿಗೆ ತರಲು ಕೊಟ್ಟಿದ್ದ ಅಭ್ಯಾಸದಲ್ಲಿ, ಆಲೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಅರಣ್ಯಾಧಿಕಾರಿಗಳು ಗ್ರಾಮಸ್ಥರಿಗೆ ಧೈರ್ಯ ತುಂಬಿದರು’ ಎಂಬ ವಾಕ್ಯವನ್ನು ‘ದಿ ಫಾರೆಸ್ಟ್ ಆಫೀಸರ್ಸ್ ಅಲೇಡ್ ದಿ ವಿಲೇಜರ್ಸ್’ ಎಂದು ಬರೆದಿದ್ದಳು. ‘ಧೈರ್ಯ ತುಂಬು’ ಎಂಬುದನ್ನು ಪದಕ್ಕೆ ಪದ ಇಟ್ಟು ಅನುವಾದಿಸಲು ಹೋಗದೆ ‘ಅಲೇ’ ಎಂಬ ಕ್ರಿಯಾಪದವನ್ನು ನೆನಪಿಗೆ ತಂದುಕೊಂಡದ್ದೇ ಮೆಚ್ಚತಕ್ಕ ವಿಷಯ. ಏಕೆಂದರೆ ಉಳಿದವರಲ್ಲಿ ಹೆಚ್ಚಿನವರು ‘ಫಿಲ್ಡ್ ಕರೇಜ್’ ಎಂದೇ ಬರೆದಿದ್ದರು. ಆದರೂ ಅವಳ ವಾಕ್ಯ ತಪ್ಪು. ಆ ತಪ್ಪು ಎಲ್ಲಿದೆ ಎಂದು ವಿವರಿಸಲು ಅವತ್ತು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯ ಪಾಠವನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ.

ಉಚ್ಚಾರ ಮತ್ತು ಕಾಗುಣಿತ

ಈ ಪದದ ಅಕ್ಷರಗಳು ಎ, ಎಲ್, ಎಲ್, ಎ, ವೈ. ಮೊದಲ ‘ಎ’ಯನ್ನು ‘ಆ’ ಎಂದು ಎಳೆಯಬಾರದು. ಅದು ಕೇಳಿಯೂ ಕೇಳದಂತಿರುವ ಹ್ರಸ್ವ ‘ಅ’. ಒತ್ತು ಬೀಳುವುದು ಎರಡನೆಯ ಭಾಗದ ಮೇಲೆ, ಅಂದರೆ ‘ಡಿಲೇ’, ‘ಟುಡೇ’ ಎನ್ನುವಾಗ ಬೀಳುವಂತೆ. ಇಂಗ್ಲಿಷಿನಲ್ಲಿ ಇದಕ್ಕೆ ನೋಟದಲ್ಲಿ ಹೋಲುವ ಮೂರು ನೆಂಟರಿದ್ದಾರೆ. ‘ಆಲೀ’ ಎಂದರೆ ಓಣಿ. ‘ಆಲೈ’ ಎಂದರೆ ಮಿತ್ರ ಅಥವಾ ಮಿತ್ರರಾಷ್ಟ್ರ. ‘ಆಲಾಯ್’ ಎಂದರೆ ಮಿಶ್ರಲೋಹ. ಈ ಮೂರೂ ನಾಮಪದಗಳಾಗಿ ಬಂದಾಗ ಒತ್ತು ಮೊದಲ ಭಾಗದ ಮೇಲಿರುತ್ತದೆ. ‘ಅಲೇ’ಗೆ ಮಾತ್ರ ಕೊನೆಯಲ್ಲಿ. ಓದುವಾಗ ಕಣ್ಣಿಗೆ ಗೊಂದಲವಾದರೂ ಬಾಯಲ್ಲಿ ಒತ್ತು ಸರಿಯಾಗಿ ಬಿದ್ದರೆ ನಾಲ್ಕೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ.

ನೆನಪಿಟ್ಟುಕೊಳ್ಳಲು ನಮಗೊಂದು ಅನುಕೂಲವಿದೆ. ಕನ್ನಡದ ‘ಅಲೆ’ಗೂ ಇಂಗ್ಲಿಷಿನ ‘ಅಲೇ’ಗೂ ಯಾವ ಸಂಬಂಧವೂ ಇಲ್ಲ, ಆದರೆ ಎದ್ದ ಅಲೆಯನ್ನು ಇಳಿಸುವುದೇ ‘ಅಲೇ’ ಎಂದು ಕಲ್ಪಿಸಿಕೊಂಡರೆ ಅರ್ಥ ಮರೆಯುವುದಿಲ್ಲ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಭೋರ್ಗರೆಯುವ ನೀರನ್ನೂ ಬೀಸುವ ಗಾಳಿಯನ್ನೂ ಅಡಗಿಸುವುದಕ್ಕೆ ಇದೇ ಪದವನ್ನು ಬಳಸುತ್ತಿದ್ದರು ಎಂಬುದು ಈ ಆಕಸ್ಮಿಕಕ್ಕೆ ಇನ್ನಷ್ಟು ರುಚಿ ಕೊಡುತ್ತದೆ.

ಭೂತಕಾಲದ ರೂಪ ‘ಅಲೇಡ್’. ಇಲ್ಲಿ ‘ವೈ’ ಹಾಗೆಯೇ ಉಳಿದು ಅದರ ಮುಂದೆ ‘ಇ’ ಮತ್ತು ‘ಡಿ’ ಸೇರುತ್ತವೆ. ‘ಪೇ’ ಎಂಬುದು ‘ಪೇಡ್’ ಆಗುವಾಗ ‘ವೈ’ ಹೋಗಿ ‘ಐ’ ಬರುವುದನ್ನು ನೋಡಿದವರು ಇಲ್ಲಿಯೂ ಹಾಗೆಯೇ ಬರೆದುಬಿಡುತ್ತಾರೆ. ಅದು ತಪ್ಪು. ‘ಪ್ಲೇ’ ಮತ್ತು ‘ಡಿಲೇ’ ಪದಗಳ ಜಾಡನ್ನೇ ಇದೂ ಹಿಡಿಯುತ್ತದೆ.

ಬೇರಿನಲ್ಲಿರುವ ಅರ್ಥ

ವಿಚಿತ್ರವೆಂದರೆ ‘ಲೇ’ಗೆ ಭೂತಕಾಲದಲ್ಲಿ ಎಲ್, ಎ, ಐ, ಡಿ ಎಂಬ ರೂಪವಿದೆ, ಮತ್ತು ‘ಅಲೇ’ ಹುಟ್ಟಿದ್ದು ಆ ‘ಲೇ’ಯಿಂದಲೇ. ಹಳೆಯ ಇಂಗ್ಲಿಷಿನಲ್ಲಿ ಕೆಳಗೆ ಇಡು, ಇಳಿಸಿಡು, ಬದಿಗಿಡು ಎಂಬ ಅರ್ಥಗಳಿದ್ದ ಒಂದು ಕ್ರಿಯಾಪದವಿತ್ತು. ‘ಇಡು’ ಎಂಬ ಅರ್ಥದ ಧಾತುವಿಗೆ ಒಂದು ಉಪಸರ್ಗ ಸೇರಿ ಅದು ಆಗಿತ್ತು. ಮುಂದೆ ಮಧ್ಯಕಾಲದಲ್ಲಿ ಫ್ರೆಂಚ್ ಮೂಲಕ ಲ್ಯಾಟಿನ್ ಪದಗಳು ಇಂಗ್ಲಿಷಿಗೆ ನುಗ್ಗಿದಾಗ, ‘ಹಗುರ ಮಾಡು’ ಎಂಬ ಅರ್ಥದ ಇನ್ನೊಂದು ಪದದ ಜೊತೆ ಇದು ಬೆರೆತುಹೋಯಿತು. ಇದನ್ನೂ ಲ್ಯಾಟಿನ್ ಮೂಲದ್ದೆಂದು ತಪ್ಪಾಗಿ ತಿಳಿದದ್ದರಿಂದಲೇ ನಡುವೆ ಎರಡು ‘ಎಲ್’ ಬಂದು ಕೂತವು. ಪಂಡಿತರ ತಪ್ಪು ಕೂಡ ಬಳಕೆಯಲ್ಲಿ ನಿಂತರೆ ಸರಿಯೇ ಆಗುತ್ತದೆ. ಆದ್ದರಿಂದ ಈಗ ಒಂದೇ ‘ಎಲ್’ ಬರೆದರೆ ನಮ್ಮ ಅಂಕ ಹೋಗುತ್ತದೆ.

ಈ ವ್ಯುತ್ಪತ್ತಿಯನ್ನು ಹೇಳುವುದಕ್ಕೆ ಕಾರಣವಿದೆ. ನಿಘಂಟುಗಳು ‘ಅಲೇ’ಗೆ ಶಮನಗೊಳಿಸು, ನಿವಾರಿಸು, ಉಪಶಮನ ಮಾಡು, ತಗ್ಗಿಸು ಎಂದೆಲ್ಲ ಅರ್ಥ ಕೊಡುತ್ತವೆ. ಯಾವುದೂ ತಪ್ಪಲ್ಲ. ಆದರೆ ಇದರ ಜೀವಾಳವನ್ನು ಹಿಡಿಯುವ ಕನ್ನಡ ಪದ ಯಾವುದು ಎಂದು ಕೇಳಿದರೆ ನಾನು ‘ಇಳಿಸು’ ಎನ್ನುತ್ತೇನೆ. ನಮ್ಮಲ್ಲಿ ಜ್ವರ ಇಳಿಯುತ್ತದೆ, ಕೋಪ ಇಳಿಯುತ್ತದೆ, ಏರಿದ ಹೊಳೆ ಇಳಿಯುತ್ತದೆ, ತಲೆಯ ಮೇಲಿನ ಹೊರೆ ಇಳಿಯುತ್ತದೆ. ಜ್ವರ ಇಳಿಯಿತು ಎಂದರೆ ಕಾಯಿಲೆ ವಾಸಿಯಾಯಿತು ಎಂದೇನೂ ಅಲ್ಲ; ಮಾತ್ರೆಯ ಬಲ ಮುಗಿದ ಮೇಲೆ ಅದು ಮತ್ತೆ ಏರಲೂಬಹುದು. ‘ಅಲೇ’ಯ ಸ್ವಭಾವವೂ ಅಷ್ಟೇ. ಅದು ಭಯವನ್ನು ಕೊಲ್ಲುವುದಿಲ್ಲ, ಓಡಿಸುವುದಿಲ್ಲ, ಕೆಳಗಿಳಿಸಿ ಇಡುತ್ತದೆ. ಇಳಿಸಿಟ್ಟದ್ದು ಅಲ್ಲಿಯೇ ಪಕ್ಕದಲ್ಲಿ ಇರುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳಲ್ಲಿ ಅರ್ಧ ತಾವಾಗಿಯೇ ಹೊಳೆಯುತ್ತವೆ.

ಇಳಿಸುವುದು ಭಯವನ್ನು, ಮನುಷ್ಯನನ್ನಲ್ಲ

ಹೊರೆಯನ್ನು ಇಳಿಸುತ್ತೇವೆ, ಹೊತ್ತವನನ್ನು ಇಳಿಸುವುದಿಲ್ಲ. ಆಲೂರಿನ ಹುಡುಗಿಯ ವಾಕ್ಯದ ಮೊದಲ ತಪ್ಪು ಇದೇ ಆಗಿತ್ತು. ‘ಅಲೇ’ಯ ಕರ್ಮಸ್ಥಾನದಲ್ಲಿ ಬರಬೇಕಾದದ್ದು ಭಯ, ಆತಂಕ, ಅನುಮಾನ ಮುಂತಾದ ಭಾವ; ಆ ಭಾವವನ್ನು ಹೊತ್ತ ಮನುಷ್ಯ ಅಲ್ಲಿ ಬರುವಂತಿಲ್ಲ. ಹಾಗಾಗಿ ‘ಅಲೇಡ್ ದಿ ವಿಲೇಜರ್ಸ್’ ಎಂಬುದು ತಪ್ಪು, ‘ಅಲೇಡ್ ದಿ ಫಿಯರ್ಸ್ ಆಫ್ ದಿ ವಿಲೇಜರ್ಸ್’ ಎಂಬುದು ಸರಿ.

ಈ ಭೇದ ಕನ್ನಡದಲ್ಲೂ ಇದೆ, ನಾವು ಅದನ್ನು ಯೋಚಿಸದೆಯೇ ಪಾಲಿಸುತ್ತೇವೆ. ಸಂತೈಸುವುದು, ಸಮಾಧಾನಪಡಿಸುವುದು, ರಮಿಸುವುದು ಮನುಷ್ಯರನ್ನು. ಶಮನ ಮಾಡುವುದು ನೋವನ್ನು, ದಾಹವನ್ನು, ಕೋಪವನ್ನು, ಬೆಂಕಿಯನ್ನು. ಅಗ್ನಿಶಾಮಕ ದಳದ ಹೆಸರಿನಲ್ಲಿರುವುದೂ ಅದೇ ಧಾತು. ‘ತಾಯಿ ಅಳುವ ಮಗುವನ್ನು ಶಮನ ಮಾಡಿದಳು’ ಎಂದು ಯಾರೂ ಬರೆಯುವುದಿಲ್ಲ. ಬರೆದರೆ ಅದು ಅಶುಭ ಬೇರೆ, ಏಕೆಂದರೆ ಸಂಸ್ಕೃತ ಕೋಶಗಳಲ್ಲಿ ಶಮನ ಎಂಬುದು ಯಮನ ಹೆಸರುಗಳಲ್ಲೊಂದು. ಆದ್ದರಿಂದ ಒಂದು ಸುಲಭ ಪರೀಕ್ಷೆ ಇಟ್ಟುಕೊಳ್ಳಬಹುದು. ನಿಮ್ಮ ವಾಕ್ಯದಲ್ಲಿ ‘ಅಲೇ’ಯ ಜಾಗದಲ್ಲಿ ‘ಶಮನ ಮಾಡು’ ಎಂದು ಇಟ್ಟು ಓದಿ. ಕಿವಿಗೆ ಕೆಡುಕೆನಿಸಿದರೆ ಕರ್ಮಸ್ಥಾನದಲ್ಲಿ ಮನುಷ್ಯ ಕೂತಿದ್ದಾನೆ ಎಂದೇ ಅರ್ಥ. ಮನುಷ್ಯನನ್ನೇ ಹಿಡಿದು ವಾಕ್ಯ ಕಟ್ಟಬೇಕಾದಾಗ ‘ರೀಅಶ್ಯೂರ್’ ಎಂಬ ಕ್ರಿಯಾಪದ ಕೈಗೆಟುಕುವಂತಿದೆ: ‘ದಿ ಆಫೀಸರ್ಸ್ ರೀಅಶ್ಯೂರ್ಡ್ ದಿ ವಿಲೇಜರ್ಸ್’. ಇನ್ನೂ ಸರಳವಾಗಬೇಕಾದರೆ ‘ಕಾಮ್’, ‘ಕಂಫರ್ಟ್’ ಇವೆ.

ಇದೇ ಸಾಲಿನ ಇನ್ನೊಂದು ತಪ್ಪು ‘ಅಲೇಡ್ ದಿ ವಿಲೇಜರ್ಸ್ ಆಫ್ ದೇರ್ ಫಿಯರ್ಸ್’ ಎಂಬ ರಚನೆ. ‘ರಿಲೀವ್’ ಕ್ರಿಯಾಪದಕ್ಕೆ ಈ ಕಟ್ಟು ಒಪ್ಪುತ್ತದೆ, ಅಲ್ಲಿ ಮನುಷ್ಯ ಮೊದಲು ಬಂದು ಅವನಿಂದ ತೆಗೆದ ವಸ್ತು ‘ಆಫ್’ ಆದ ಮೇಲೆ ಬರುತ್ತದೆ. ‘ಅಲೇ’ಗೆ ಅದು ಒಪ್ಪುವುದಿಲ್ಲ.

ಕರ್ಮವಾಗಿ ಯಾವ ಭಾವಗಳು ಬರುತ್ತವೆ? ಎಲ್ಲಕ್ಕಿಂತ ಹೆಚ್ಚಾಗಿ ‘ಫಿಯರ್ಸ್’, ಅದೂ ಸಾಮಾನ್ಯವಾಗಿ ಬಹುವಚನದಲ್ಲಿ. ಆಮೇಲೆ ‘ಕನ್ಸರ್ನ್ಸ್’, ‘ಆಂಗ್ಸೈಟಿ’, ‘ಡೌಟ್ಸ್’, ‘ಸಸ್ಪಿಶನ್ಸ್’, ‘ಅಪ್ರಿಹೆನ್ಶನ್ಸ್’. ಹಸಿವು, ಬಾಯಾರಿಕೆ, ನೋವುಗಳಿಗೂ ಈ ಪದ ಸಲ್ಲುತ್ತದೆ, ಆದರೆ ಅದು ಹಳೆಯ ಪುಸ್ತಕಗಳ ಇಂಗ್ಲಿಷು. ಇವತ್ತು ‘ಕಾಫಿ ಕುಡಿದು ತಲೆನೋವು ಇಳಿಸಿಕೊಂಡೆ’ ಎಂಬುದಕ್ಕೆ ‘ಅಲೇ’ ಬಳಸಿದರೆ ಮದುವೆಯ ಜರಿಪಂಚೆ ಉಟ್ಟು ಗದ್ದೆಗೆ ಇಳಿದಂತಾಗುತ್ತದೆ. ಸಂತೋಷ, ಆಸೆ, ಪ್ರೀತಿಗಳಿಗೆ ಇದು ಹೊಂದುವುದೇ ಇಲ್ಲ. ಇಳಿಸಬೇಕೆನಿಸುವಷ್ಟು ಭಾರವಾದದ್ದಕ್ಕೇ ಈ ಪದ.

ಭಯ ಯಾವುದರ ಕುರಿತು ಎಂದು ಹೇಳಲು ‘ಫಿಯರ್ಸ್’ ಆದ ಮೇಲೆ ‘ಅಬೌಟ್’, ‘ಓವರ್’, ‘ಆಫ್’ ಈ ಮೂರರಲ್ಲಿ ಒಂದು ಬರಬಹುದು. ಭಯದ ಒಳಗಿನ ಸಂಗತಿ ಒಂದು ಪೂರ್ತಿ ವಾಕ್ಯವೇ ಆಗಿದ್ದರೆ ‘ದ್ಯಾಟ್’ ಬರುತ್ತದೆ. ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಹೆದರಿಕೆಯನ್ನು ತೆಗೆದುಕೊಳ್ಳಿ. ‘ಫಿಯರ್ಸ್ ಆಫ್ ಲ್ಯಾಂಡ್‌ಸ್ಲೈಡ್ಸ್’ ಎಂದರೆ ಗುಡ್ಡಕುಸಿತದ ಭಯ. ‘ಫಿಯರ್ಸ್ ದ್ಯಾಟ್ ದಿ ಘಾಟ್ ರೋಡ್ ವುಡ್ ಬಿ ಕ್ಲೋಸ್ಡ್’ ಎಂದರೆ ಘಾಟಿ ರಸ್ತೆಯನ್ನು ಮುಚ್ಚಿಬಿಡಬಹುದೆಂಬ ಭಯ. ಎರಡರ ಹಿಂದೆಯೂ ‘ಅಲೇ’ ಬರಬಹುದು.

ಇಳಿ ಮತ್ತು ಇಳಿಸು

ಕನ್ನಡಿಗರೇ ಹೆಚ್ಚಾಗಿ ಮಾಡುವ ಒಂದು ತಪ್ಪಿನ ಬಗ್ಗೆ ಇಲ್ಲಿ ನಿಂತು ಹೇಳಬೇಕು. ನಮ್ಮ ಭಾಷೆಯಲ್ಲಿ ಇಳಿ ಮತ್ತು ಇಳಿಸು, ತಣಿ ಮತ್ತು ತಣಿಸು, ತಗ್ಗು ಮತ್ತು ತಗ್ಗಿಸು ಎಂಬ ಜೋಡಿಗಳಿವೆ. ‘ಇಸು’ ಸೇರಿದರೆ ಯಾರೋ ಮಾಡಿದ್ದು, ಸೇರದಿದ್ದರೆ ತಾನಾಗಿ ಆದದ್ದು. ಇಂಗ್ಲಿಷಿನಲ್ಲಿ ಅನೇಕ ಕ್ರಿಯಾಪದಗಳು ಒಂದೇ ರೂಪದಲ್ಲಿ ಎರಡೂ ಕೆಲಸ ಮಾಡುತ್ತವೆ, ‘ಓಪನ್’ ಎಂದರೆ ತೆರೆಯುವುದೂ ಹೌದು, ತೆರೆದುಕೊಳ್ಳುವುದೂ ಹೌದು. ಇದನ್ನು ಕಲಿತವರು ‘ಅಲೇ’ಯೂ ಹಾಗೆಯೇ ಇರಬೇಕೆಂದು ‘ಮೈ ಫಿಯರ್ ಅಲೇಡ್’ ಎಂದು ಬರೆಯುತ್ತಾರೆ. ಇಂದಿನ ಇಂಗ್ಲಿಷಿನಲ್ಲಿ ‘ಅಲೇ’ ಯಾವಾಗಲೂ ‘ಇಳಿಸು’. ‘ಇಳಿ’ ಎಂದಿಗೂ ಅಲ್ಲ. ನನ್ನ ಭಯ ತಾನಾಗಿ ಇಳಿಯಿತು ಎನ್ನಲು ‘ಮೈ ಫಿಯರ್ ಸಬ್ಸೈಡೆಡ್’ ಎನ್ನಬೇಕು. ಇಳಿಸಿದವರ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಕರ್ಮಣಿ ಪ್ರಯೋಗ ಮಾಡಬಹುದು: ‘ಮೈ ಫಿಯರ್ಸ್ ವರ್ ಅಲೇಡ್’. ನಡುವಿನ ‘ವರ್’ ಬಿಟ್ಟುಹೋದರೆ ವಾಕ್ಯ ಬಿದ್ದುಹೋಗುತ್ತದೆ.

ಕರ್ತೃವಿನ ಜಾಗದಲ್ಲಿ ಮನುಷ್ಯನೇ ಇರಬೇಕೆಂದಿಲ್ಲ. ವರದಿ, ಹೇಳಿಕೆ, ತಪಾಸಣೆಯ ಫಲಿತಾಂಶ, ಒಂದು ನಗು, ರಾತ್ರಿ ಹೊತ್ತಿಗೆ ಬಂದ ಒಂದು ಫೋನು ಕೂಡ ಭಯವನ್ನು ಇಳಿಸಬಹುದು. ನಿಜ ಹೇಳಬೇಕೆಂದರೆ ‘ದಿ ಟೆಸ್ಟ್ ರಿಸಲ್ಟ್ ಅಲೇಡ್ ಹರ್ ಫಿಯರ್ಸ್’ ಎಂಬಂಥ ವಾಕ್ಯಗಳೇ ಈ ಪದಕ್ಕೆ ಒಪ್ಪುವಷ್ಟು ಬೇರೆಯವು ಒಪ್ಪುವುದಿಲ್ಲ.

ಇಳಿಸಿದರೋ, ಇಳಿಸಲು ಹೊರಟರೋ

ಹುಡುಗಿಯ ವಾಕ್ಯದ ಎರಡನೆಯ ತೊಡಕು ವ್ಯಾಕರಣದ್ದಲ್ಲ, ಸತ್ಯದ್ದು. ಕರ್ಮಸ್ಥಾನದ ತಪ್ಪನ್ನು ತಿದ್ದಿ ‘ಅಲೇಡ್ ದಿ ಫಿಯರ್ಸ್ ಆಫ್ ದಿ ವಿಲೇಜರ್ಸ್’ ಎಂದು ಹಲಗೆಯ ಮೇಲೆ ಬರೆದಾಗ, ಅವಳೇ ಕೈ ಎತ್ತಿ, ‘ಮೇಡಂ, ಇಲಾಖೆ ಜೀಪು ಬಂದು ಮೈಕಲ್ಲಿ ಹೇಳಿ ಹೋದ್ಮೇಲೆ ನಮ್ಮ ಮನೇಲಿ ಇನ್ನೂ ಜಾಸ್ತಿ ಹೆದರ್ಕೋತಾರೆ’ ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಆನೆಗಳು ಇಂಥ ತೋಟದಲ್ಲಿ ಬೀಡುಬಿಟ್ಟಿವೆ, ಕಾಫಿ ಕೊಯ್ಲಿಗೆ ಯಾರೂ ಹೋಗಬೇಡಿ, ಕತ್ತಲಾದ ಮೇಲೆ ಮನೆಯಿಂದ ಹೊರಗೆ ಬರಬೇಡಿ ಎಂದು ಜೀಪಿನ ಧ್ವನಿವರ್ಧಕ ಸಾರಿ ಹೋದ ಸಂಜೆ, ಅವಳ ತಂದೆ ಕೊಟ್ಟಿಗೆಯ ಕಡೆಗೆ ಹೋಗುವ ಮೊದಲು ಅಂಗಳದಲ್ಲಿ ನಿಂತು ಟಾರ್ಚನ್ನು ಬೇಲಿಯುದ್ದಕ್ಕೂ ಎರಡು ಸಲ ಹಾಯಿಸುತ್ತಾರಂತೆ. ಒಂದು ಸಲ ಬೆಳಕಿಗೆ, ಇನ್ನೊಂದು ಸಲ ಸದ್ದಿಗೆ: ಎರಡನೆಯ ಸಲ ಅವರು ನೋಡುವುದಿಲ್ಲ, ಕೊಂಬೆ ಮುರಿಯುವ ಸದ್ದು ಬರುತ್ತದೆಯೋ ಎಂದು ಕಿವಿಗೊಡುತ್ತಾರೆ.

ಬರಿಯ ‘ಅಲೇಡ್’ ಎಂದು ಬರೆದರೆ ಭಯ ಇಳಿಯಿತು ಎಂದು ನೀವು ಸಾಕ್ಷಿ ಹೇಳಿದಂತೆ. ಮಾತನಾಡಿದವರು ಅಧಿಕಾರಿಗಳು, ಆದರೆ ಭಯ ಇಳಿದಿದೆಯೇ ಇಲ್ಲವೇ ಎಂಬುದನ್ನು ಬಲ್ಲವರು ಭಯಪಟ್ಟವರು. ಇಂಗ್ಲಿಷ್ ಪತ್ರಕರ್ತರು ಇದನ್ನು ಬಲ್ಲರು, ಹಾಗಾಗಿಯೇ ಅವರ ಬರಹದಲ್ಲಿ ಈ ಪದ ಒಂಟಿಯಾಗಿ ಬರುವುದು ಕಡಿಮೆ. ಹಿಂದೆ ಒಂದು ಊರುಗೋಲು ಇರುತ್ತದೆ. ‘ಟ್ರೈಡ್ ಟು ಅಲೇ’, ‘ಸಾಟ್ ಟು ಅಲೇ’, ‘ಇನ್ ಎ ಬಿಡ್ ಟು ಅಲೇ’ ಎಂದರೆ ಪ್ರಯತ್ನ ಮಾತ್ರ ನಡೆದಿದೆ. ‘ಹೆಲ್ಪ್ಡ್ ಟು ಅಲೇ’ ಎಂದರೆ ಸ್ವಲ್ಪ ಇಳಿಯಿತು, ಇಳಿಸಿದ ಕಾರಣಗಳಲ್ಲಿ ಇದೂ ಒಂದು. ‘ಡಿಡ್ ಲಿಟಲ್ ಟು ಅಲೇ’ ಎಂದರೆ ಹೆಚ್ಚೇನೂ ಇಳಿಯಲಿಲ್ಲ. ‘ಲಿಟಲ್’ನ ಹಿಂದೆ ‘ಎ’ ಇಲ್ಲದಿರುವುದನ್ನು ಗಮನಿಸಿ, ಆ ಒಂದಕ್ಷರ ಸೇರಿದರೆ ಅರ್ಥ ಸ್ವಲ್ಪವಾದರೂ ಇಳಿಯಿತು ಎಂದಾಗಿಬಿಡುತ್ತದೆ. ‘ಫೇಲ್ಡ್ ಟು ಅಲೇ’ ಎಂದರೆ ಏನೂ ಇಳಿಯಲಿಲ್ಲ.

ನಮ್ಮ ಜಿಲ್ಲೆಯದ್ದೇ ಒಂದು ಪ್ರಸಂಗದಲ್ಲಿ ಈ ಮೆಟ್ಟಿಲುಗಳೆಲ್ಲ ಒಟ್ಟಿಗೆ ಕಾಣಸಿಗುತ್ತವೆ. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳ ಅವಧಿಯಲ್ಲಿ, ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ವರದಿಗಳು ಬಂದವು. ಅವರಲ್ಲಿ ಹರೆಯದವರೂ ಇದ್ದರು. ಪ್ರತಿ ಬೆಳಿಗ್ಗೆ ಇನ್ನೊಂದು ಹೆಸರು ಸೇರುತ್ತಿತ್ತು. ಎದೆ ಸ್ವಲ್ಪ ಹಿಡಿದಂತಾದವರು, ಏನೂ ಆಗದವರು, ಎಲ್ಲರೂ ತಪಾಸಣೆಗೆ ಹೊರಟರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಆತಂಕಪಡುವ ಅಗತ್ಯವಿಲ್ಲ ಎಂಬ ಹೇಳಿಕೆಗಳು ಬಂದವು. ಇದು ‘ಸಾಟ್ ಟು ಅಲೇ’. ಹೇಳಿಕೆಗಳು ಬಂದ ಮೇಲೂ ಸಾಲು ಕರಗಲಿಲ್ಲ. ಇದು ‘ಡಿಡ್ ಲಿಟಲ್ ಟು ಅಲೇ’. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಜುಲೈನಲ್ಲಿ ಹೊರಬಂದ ಅದರ ವರದಿ, ಈ ಸಾವುಗಳ ಸಂಖ್ಯೆಯಲ್ಲಿ ಅಸಹಜ ಏರಿಕೆಯಿಲ್ಲ ಎಂದೂ ಕೋವಿಡ್ ಲಸಿಕೆಗೂ ಇವುಗಳಿಗೂ ನಂಟು ಕಂಡುಬಂದಿಲ್ಲ ಎಂದೂ ಹೇಳಿತು. ಆ ವರದಿ ಭಯವನ್ನು ಇಳಿಸಿತು ಎಂದು ಬರೆಯಬೇಕೋ, ಇಳಿಸಲು ನೆರವಾಯಿತು ಎಂದು ಬರೆಯಬೇಕೋ? ನಾನಾಗಿದ್ದರೆ ‘ಹೆಲ್ಪ್ಡ್ ಟು ಅಲೇ’ ಎನ್ನುತ್ತಿದ್ದೆ, ಏಕೆಂದರೆ ಆಮೇಲೆ ಎಷ್ಟೋ ದಿನ ನಮ್ಮ ಬೀದಿಯ ಗಂಡಸರು ವಾಕಿಂಗ್ ಮುಗಿಸಿ ಬಂದು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ.

ನೆರೆಹೊರೆಯ ಪದಗಳು

‘ಡಿಸ್ಪೆಲ್’ ಎಂಬುದು ‘ಅಲೇ’ಯ ಅತಿ ಹತ್ತಿರದ ನೆರೆಯದು, ಮತ್ತು ಅತಿ ಹೆಚ್ಚು ಗೊಂದಲ ಹುಟ್ಟಿಸುವುದೂ ಅದೇ. ಅದರ ಲ್ಯಾಟಿನ್ ಮೂಲದಲ್ಲಿ ಓಡಿಸಿ ಚದುರಿಸುವ ಅರ್ಥವಿದೆ. ಮುಳ್ಳಯ್ಯನಗಿರಿಯ ಮೇಲೆ ಮುಸುಕಿದ ಮಂಜನ್ನು ಬಿಸಿಲು ಚದುರಿಸುವಂತೆ ಅದು ಪೂರ್ತಿ ತೆರವು ಮಾಡುತ್ತದೆ. ಭಯ, ಸಂಶಯಗಳಿಗೆ ಎರಡು ಪದಗಳೂ ಸಲ್ಲುತ್ತವೆ, ತೀವ್ರತೆಯಲ್ಲಿ ಮಾತ್ರ ವ್ಯತ್ಯಾಸ. ಆದರೆ ವದಂತಿ, ತಪ್ಪು ತಿಳಿವಳಿಕೆ, ಮೂಢನಂಬಿಕೆಗಳಿಗೆ ‘ಡಿಸ್ಪೆಲ್’ ಮಾತ್ರ ಸರಿ, ಏಕೆಂದರೆ ಅವು ಭಾವಗಳಲ್ಲ. ವದಂತಿ ಒಂದು ಮಾತು. ಆ ಮಾತಿನಿಂದ ಹುಟ್ಟಿದ ಹೆದರಿಕೆ ಒಂದು ಭಾವ. ಮಾತನ್ನು ಓಡಿಸಬೇಕು, ಭಾವವನ್ನು ಇಳಿಸಬೇಕು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ಅಂದಿನಿಂದ ಮಲೆನಾಡಿನಲ್ಲಿ ಬೇಸಗೆಯ ಬಿಸಿ ಏರುವ ಹೊತ್ತಿಗೆ ಅದರ ಮಾತೂ ಏಳುತ್ತದೆ. ಅದು ಹರಡುವುದು ಸೋಂಕಿತ ಉಣ್ಣೆ ಕಚ್ಚುವುದರಿಂದ, ರೋಗಿಯ ಪಕ್ಕದಲ್ಲಿ ಕೂರುವುದರಿಂದಲ್ಲ. ಆರೋಗ್ಯ ಇಲಾಖೆಯ ಸಿಬ್ಬಂದಿ ಊರಿಗೆ ಬಂದು ಇದನ್ನು ವಿವರಿಸಿದರೆ, ರೋಗಿಯನ್ನು ಮುಟ್ಟಿದರೆ ಕಾಯಿಲೆ ಬರುತ್ತದೆಂಬ ತಪ್ಪು ಕಲ್ಪನೆ ‘ಡಿಸ್ಪೆಲ್’ ಆಗುತ್ತದೆ. ಪಕ್ಕದ ಮನೆಯವರ ಹೆದರಿಕೆ ‘ಅಲೇ’ ಆಗುತ್ತದೆ. ಉಣ್ಣೆ ಇನ್ನೂ ಕಾಡಿನಲ್ಲಿಯೇ ಇರುವುದರಿಂದ ಆ ಹೆದರಿಕೆ ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಸೌದೆಗೆ ಹೋಗುವವರು ಮೈಗೆ ಎಣ್ಣೆ ಸವರಿಕೊಳ್ಳುವಷ್ಟಾದರೂ ಅದು ಉಳಿದಿರಬೇಕು. ಎರಡೂ ಕ್ರಿಯಾಪದಗಳನ್ನು ಒಂದೇ ವಾಕ್ಯದಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂರಿಸಲು ಬಂದರೆ ಪಾಠ ಅರ್ಥವಾಗಿದೆ ಎಂದು ನಾನು ಎಣಿಸುತ್ತೇನೆ.

‘ಅಲೀವಿಯೇಟ್’ ಎಂಬುದರಲ್ಲಿ ಲ್ಯಾಟಿನ್ನಿನ ‘ಹಗುರ’ ಇದೆ. ಅದು ನೋವು, ಬಡತನ, ಸಂಚಾರದ ದಟ್ಟಣೆ ಇಂಥ ಕಷ್ಟಗಳನ್ನು ಹಗುರ ಮಾಡುತ್ತದೆ. ಮನಸ್ಸಿನ ಸಂಶಯಕ್ಕೆ ಅದನ್ನು ಬಳಸುವುದು ಕಡಿಮೆ. ಇಂಗ್ಲಿಷಿನಲ್ಲಿ ‘ಪಾವರ್ಟಿ ಅಲೀವಿಯೇಶನ್’ ಎಂದು ಬರೆಯುವ ಕಡೆ ನಮ್ಮ ಕಡತಗಳು ‘ಬಡತನ ನಿರ್ಮೂಲನೆ’ ಎಂದು ಬರೆಯುವುದುಂಟು. ಹಗುರ ಮಾಡುತ್ತೇವೆ ಎಂದವರ ಬಾಯಿಂದ ಬೇರುಸಹಿತ ಕಿತ್ತುಹಾಕುತ್ತೇವೆ ಎಂಬ ಭಾಷೆ ಕೊಡಿಸಿದ ಅನುವಾದ ಅದು.

‘ಅಸ್ವೇಜ್’ ದುಃಖ, ಪಾಪಪ್ರಜ್ಞೆ, ಹಸಿವುಗಳ ಜೊತೆ ಚೆನ್ನಾಗಿ ಹೋಗುತ್ತದೆ. ‘ಮಿಟಿಗೇಟ್’ ಪರಿಣಾಮಕ್ಕೆ, ಅಪಾಯಕ್ಕೆ ಸಂಬಂಧಿಸಿದ್ದು: ಆನೆ ಕಂದಕ ತೋಡಿಸಿದರೆ ಅಪಾಯ ‘ಮಿಟಿಗೇಟ್’ ಆಗುತ್ತದೆ, ಅದನ್ನು ಕಂಡು ಬೆಳೆಗಾರನ ಭಯ ‘ಅಲೇ’ ಆಗಬಹುದು. ಇನ್ನು ‘ಪ್ಯಾಸಿಫೈ’, ‘ಪ್ಲಕೇಟ್’, ‘ಅಪೀಸ್’ ಎಂಬ ಮೂರೂ ಸಿಟ್ಟಾದ ಮನುಷ್ಯರನ್ನು ಒಲಿಸಿಕೊಳ್ಳುವ ಪದಗಳು. ಬೆಳೆಹಾನಿಯ ಪರಿಹಾರ ಕೇಳಿ ಹೆದ್ದಾರಿ ತಡೆದು ಕೂತವರನ್ನು ತಹಶೀಲ್ದಾರರು ಬಂದು ಎಬ್ಬಿಸಿದರೆ ಅದು ‘ಪ್ಲಕೇಟ್’. ಅಲ್ಲಿ ‘ಅಲೇ’ಗೆ ಕೆಲಸವಿಲ್ಲ.

ಕನ್ನಡಕ್ಕೆ ತರುವಾಗ

ಈಗ ದಿಕ್ಕು ಬದಲಿಸೋಣ. ಇಂಗ್ಲಿಷ್ ಪತ್ರಿಕೆಯ ಧಾಟಿಯಲ್ಲಿ ನಾನೇ ಕಟ್ಟಿಕೊಟ್ಟ ಒಂದು ವಾಕ್ಯ ಇದು: ‘ಇನ್ ಎ ಬಿಡ್ ಟು ಅಲೇ ಫಿಯರ್ಸ್ ಓವರ್ ಎಲಿಫೆಂಟ್ ಮೂವ್‌ಮೆಂಟ್, ಫಾರೆಸ್ಟ್ ಆಫಿಶಿಯಲ್ಸ್ ಮೆಟ್ ಕಾಫಿ ಗ್ರೋಯರ್ಸ್ ಅಟ್ ಸಕಲೇಶಪುರ ಆನ್ ಮಂಡೇ’. ಹೆಚ್ಚಿನವರು ಮೊದಲ ಏಟಿಗೆ ಕೊಡುವ ಅನುವಾದ ಹೀಗಿರುತ್ತದೆ: ‘ಆನೆಗಳ ಚಲನವಲನದ ಮೇಲಿನ ಭಯಗಳನ್ನು ಶಮನಗೊಳಿಸುವ ಪ್ರಯತ್ನದಲ್ಲಿ, ಅರಣ್ಯ ಅಧಿಕಾರಿಗಳು ಕಾಫಿ ಬೆಳೆಗಾರರನ್ನು ಸಕಲೇಶಪುರದಲ್ಲಿ ಸೋಮವಾರದಂದು ಭೇಟಿಯಾದರು’. ಅರ್ಥವೇನೋ ತಿಳಿಯುತ್ತದೆ. ಆದರೆ ಭಯ ಬಹುವಚನವಾಗಿದೆ, ಅದು ಚಲನವಲನದ ‘ಮೇಲೆ’ ಹತ್ತಿ ಕೂತಿದೆ, ಮತ್ತು ಇದನ್ನು ಗಟ್ಟಿಯಾಗಿ ಓದಿದರೆ ಸಕಲೇಶಪುರದ ಯಾವ ಬೆಳೆಗಾರನಿಗೂ ಇದು ತನ್ನ ಸುದ್ದಿ ಎನಿಸುವುದಿಲ್ಲ.

ಮೊದಲು ಯಾರು ಹೆದರಿದ್ದಾರೆ ಎಂದು ಕೇಳಿಕೊಳ್ಳಿ. ಇಂಗ್ಲಿಷ್ ವಾಕ್ಯ ಭಯವನ್ನು ಒಂದು ವಸ್ತುವಿನಂತೆ ಎದುರಿಗಿಟ್ಟು, ಹೆದರಿದವರನ್ನು ಬೇರೆ ಕಡೆ ಕೂರಿಸಿದೆ. ಕನ್ನಡ ಅವರಿಬ್ಬರನ್ನೂ ಸೇರಿಸಲು ಇಷ್ಟಪಡುತ್ತದೆ: ‘ಆನೆಗಳ ಓಡಾಟದಿಂದ ಆತಂಕಗೊಂಡಿರುವ ಕಾಫಿ ಬೆಳೆಗಾರರು’. ಆಮೇಲೆ ಕ್ರಿಯಾಪದ. ಇಂಗ್ಲಿಷ್ ಭಯವನ್ನು ಕಳೆಯುವ ಜಾಗದಲ್ಲಿ ನಾವು ಧೈರ್ಯವನ್ನು ಕೂಡುತ್ತೇವೆ. ಭಯ ಇಳಿಸುವುದೂ ಧೈರ್ಯ ತುಂಬುವುದೂ ಒಂದೇ ಕೊಡದ ಎರಡು ಲೆಕ್ಕಗಳು. ಹಾಗಾಗಿ: ‘ಆನೆಗಳ ಓಡಾಟದಿಂದ ಆತಂಕಗೊಂಡಿರುವ ಕಾಫಿ ಬೆಳೆಗಾರರಿಗೆ ಧೈರ್ಯ ತುಂಬಲು ಅರಣ್ಯ ಇಲಾಖೆಯ ಅಧಿಕಾರಿಗಳು ಸೋಮವಾರ ಸಕಲೇಶಪುರದಲ್ಲಿ ಸಭೆ ನಡೆಸಿದರು’. ‘ತುಂಬಿದರು’ ಎನ್ನದೆ ‘ತುಂಬಲು’ ಎಂದದ್ದರಲ್ಲಿಯೇ ಪ್ರಯತ್ನದ ಅರ್ಥ ಬಂದುಬಿಟ್ಟಿತು. ‘ಪ್ರಯತ್ನದಲ್ಲಿ’ ಎಂಬ ಪದದ ಹಂಗಿಲ್ಲ.

ಕರ್ಮ ಯಾವುದು ಎಂಬುದರ ಮೇಲೆ ಕನ್ನಡದ ಕ್ರಿಯಾಪದವೂ ಬದಲಾಗಬೇಕು. ಭಯವನ್ನು ಹೋಗಲಾಡಿಸುತ್ತೇವೆ, ಬಿಡಿಸುತ್ತೇವೆ. ಆತಂಕವನ್ನು ದೂರ ಮಾಡುತ್ತೇವೆ, ತಗ್ಗಿಸುತ್ತೇವೆ. ಅನುಮಾನವನ್ನು ಪರಿಹರಿಸುತ್ತೇವೆ. ಬಾಯಾರಿಕೆಯನ್ನು ಇಂಗಿಸುತ್ತೇವೆ ಅಥವಾ ನೀಗಿಸುತ್ತೇವೆ, ಹಸಿವನ್ನು ತಣಿಸುತ್ತೇವೆ. ‘ಭಯವನ್ನು ತಣಿಸಿದರು’ ಎಂದರೆ ಭಯಕ್ಕೆ ಊಟ ಹಾಕಿದಂತೆ ಕೇಳುತ್ತದೆ. ದೇವರೋ ದೊಡ್ಡವರೋ ಕೈ ಎತ್ತಿ ಹೆದರಬೇಡ ಎಂದರೆ ಅದಕ್ಕೆ ‘ಅಭಯ ನೀಡು’ ಎಂಬ ಹಳೆಯ ಗಂಭೀರ ಮಾತಿದೆ. ಪತ್ರಿಕೆಗಳು ಮಂತ್ರಿಗಳಿಗೂ ಅದನ್ನು ಧಾರಾಳವಾಗಿ ಕೊಡುತ್ತವೆ. ನಾನು ಕೊಡುವುದಿಲ್ಲ. ಅಭಯ ಎಂದರೆ ಭಯವೇ ಇಲ್ಲದಿರುವುದು, ಅದು ‘ಅಲೇ’ಗಿಂತ ಬಹಳ ದೊಡ್ಡ ಮಾತು.

ಎಲ್ಲಿ ಬಳಸಬಾರದು

‘ಅಲೇ’ ಬರವಣಿಗೆಯ ಪದ. ಪತ್ರಿಕಾ ವರದಿ, ಕಚೇರಿಯ ಪತ್ರ, ಪ್ರಬಂಧ, ಸಾರಾಂಶ ಬರಹ ಇವೇ ಅದರ ಮನೆ. ಮಾತಿನಲ್ಲಿ ಅದನ್ನು ತಂದರೆ ಅತಿಯಾಗುತ್ತದೆ. ಗೆಳತಿಗೆ ಫೋನಿನಲ್ಲಿ ಹೇಳುವಾಗ ‘ಡೋಂಟ್ ವರಿ’ ಸಾಕು. ಸಂದರ್ಶನದಲ್ಲಿ ಇಂಗ್ಲಿಷ್ ಮೆರೆಸಲು ಇದನ್ನು ಉರು ಹೊಡೆದು ಹೋಗಬೇಡಿ. ನಡುಗುವ ದನಿಯಲ್ಲಿ ಒತ್ತು ತಪ್ಪಿದರೆ ಅದು ಓಣಿಯಾಗಿ ಕೇಳಿಸುತ್ತದೆ. ಕಚೇರಿಯ ಪತ್ರದಲ್ಲಿ ಮಾತ್ರ ಇದು ತುಂಬ ಉಪಕಾರಿ. ‘ಟು ಅಲೇ ದಿ ಅಪ್ರಿಹೆನ್ಶನ್ಸ್ ಆಫ್ ದಿ ಪಬ್ಲಿಕ್’ ಎಂದು ಶುರುಮಾಡಿದರೆ, ಸಾರ್ವಜನಿಕರ ಹೆದರಿಕೆ ಸುಳ್ಳು ಎಂದು ಹೀಗಳೆಯದೆ, ನಿಜ ಎಂದು ಒಪ್ಪಿಕೊಳ್ಳಲೂ ಬೇಕಾಗದೆ, ಅದನ್ನು ಇಳಿಸಲು ಏನು ಮಾಡುತ್ತೀರಿ ಎಂಬಲ್ಲಿಗೆ ನೇರವಾಗಿ ಹೋಗಬಹುದು.

ಮರುದಿನ ಆಲೂರಿನ ಹುಡುಗಿ ವಾಕ್ಯವನ್ನು ತಿದ್ದಿ ತಂದಳು: ‘ದಿ ಫಾರೆಸ್ಟ್ ಆಫೀಸರ್ಸ್ ಟ್ರೈಡ್ ಟು ಅಲೇ ದಿ ವಿಲೇಜರ್ಸ್ ಫಿಯರ್ಸ್’. ಎರಡು ‘ಎಲ್’ ಇದ್ದವು, ಕರ್ಮಸ್ಥಾನದಲ್ಲಿ ಭಯವೇ ಇತ್ತು, ಊರುಗೋಲೂ ಇತ್ತು. ‘ವಿಲೇಜರ್ಸ್’ ಪದದ ಕೊನೆಯ ‘ಎಸ್’ ಆದ ಮೇಲೆ, ಅದಕ್ಕೆ ಮೊದಲಲ್ಲ, ಒಂದು ಅಪಾಸ್ಟ್ರಫಿ ಬೇಕಿತ್ತು. ಏಕೆಂದರೆ ಹೆದರಿದವರು ಒಬ್ಬರಲ್ಲ. ಅದನ್ನು ಕೆಂಪು ಶಾಯಿಯಲ್ಲಿ ಹಾಕಿಕೊಟ್ಟೆ.